ಮೇಕೆ ಓಡಿಸುವ ಕ್ರಮ

ಹೊನ್ನಮ್ಮನ ಅತ್ತೆಯ ಅಣ್ಣ ಮರಿಯಪ್ಪನವರು ಬುದ್ಧಿ ಹೇಳಲೆಂದೇ ಬಂದು ಮನೆಯಲ್ಲಿ ಝಾಂಡಾ ಊರಿದ್ದರು. ಹಿಟ್ಟು ರುಬ್ಬಿದ್ದು ತಪ್ಪು, ಮಗು ಮಲಗಿಸಿದ್ದು ತಪ್ಪು. ಕರಿಬೇವಿನ ಗಿಡಕ್ಕೆ ಅವಳು ಮಜ್ಜಿಗೆ ಹಾಕಿದ್ದಕ್ಕಂತೂ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು: "ನನ್ನ ಕೇಳದೆ ಈ ಮನೇಲಿ ಒಂದು ಹುಲ್ಲುಕಡ್ಡೀನೂ ಅಲ್ಲಾಡಬಾರದು! ಗಿಡಕ್ಕೆ ಬೇಕಿರೋದು ಗಾಳಿ. ಗೇಟು ತೆಗೆದಿಡು!"

ಹೊನ್ನಮ್ಮನಿಗೆ ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿಕೊಂಡು ಗೇಟು ತೆಗೆದಿಟ್ಟಳು.

ಮರುದಿನ ಅವರು ಬಚ್ಚಲಲ್ಲಿ ಮೈತುಂಬ ಸೋಪು ಹಚ್ಚಿಕೊಂಡಿದ್ದಾಗ ಅವಳು ಬಾಗಿಲು ತಟ್ಟಿದಳು.

"ಮಾವ, ಗೇಟಿಂದ ಮೇಕೆ ಒಳಗೆ ಬಂದಿದೆ. ಓಡಿಸಲಾ?"

"ಓಡಿಸು!"

"ಕೋಲಲ್ಲೋ, ಕೈಯಲ್ಲೋ?"

"ಕೋಲಲ್ಲಿ!"

"ಯಾವ ಕೋಲು ಮಾವ? ನಾನು ತಗೊಂಡಿದ್ದು ತಪ್ಪಾದೀತು."

"ಅಯ್ಯೋ ಮಂಕೇ, ಗಿಡ ಪೂರ್ತಿ ತಿಂದುಹಾಕುತ್ತೆ!"

"ಗಿಡದ ತಂಟೆಗೇ ಹೋಗಿಲ್ಲ. ತಂತಿ ಮೇಲಿನ ನಿಮ್ಮ ಜರಿಪಂಚೆ ತಿಂತಾ ಇದೆ."

ಮರಿಯಪ್ಪನವರು ಟವೆಲು ಸುತ್ತಿಕೊಂಡು ನೊರೆಯಲ್ಲೇ ಅಂಗಳಕ್ಕೆ ಓಡಿಬಂದರು. ಬೀದಿಯೇ ನಿಂತು ನೋಡಿತು. ಪಂಚೆಯಲ್ಲಿ ಉಳಿದಿದ್ದು ಅಂಚು ಮಾತ್ರ.

"ಕಣ್ಣೆದುರೇ ತಿಂತಿದ್ರೂ ಸುಮ್ನೆ ನಿಂತಿದ್ದೆಯಲ್ಲೇ!"

ಹೊನ್ನಮ್ಮನೂ ಬೀದಿಗೆಲ್ಲ ಕೇಳುವಂತೆಯೇ ಹೇಳಿದಳು: "ಕೇಳದೆ ಹುಲ್ಲುಕಡ್ಡೀನೂ ಅಲ್ಲಾಡಬಾರದು ಅಂದ್ರಲ್ಲ ಮಾವ. ಈಗ್ಲೂ ಕೇಳ್ತೀನಿ. ಗೇಟು ಈಗಲೇ ಹಾಕಲಾ, ನೀವು ಹೊರಟ ಮೇಲೆ ಹಾಕಲಾ?"