ಸ್ಟೇರಿಂಗ್ ಹಗುರ ಮಾಡಿದ ಶಿಷ್ಯ

ಗುರುವನ್ನು ನೆನೆದು ಹೇಳುತ್ತಿದ್ದೇನೆ. ಹೇಳುವುದರಲ್ಲಿ ತಪ್ಪಿದ್ದರೆ ನನ್ನದು, ಬೆಳಕಿದ್ದರೆ ಅವನದು.

ನಾಲೆಯ ದಡದಲ್ಲಿ ಒಂದು ಸಣ್ಣ ಮಠ. ಅಲ್ಲಿ ಚನ್ನವೀರ ಸ್ವಾಮಿಗಳು ಇದ್ದರು. ದೀಕ್ಷೆಗೆ ಮೊದಲು ಲಾರಿ ಓಡಿಸುತ್ತಿದ್ದವರು. ಮುಪ್ಪಿನಲ್ಲೂ ಪ್ರತಿ ಸೋಮವಾರ ಮಠದ ವ್ಯಾನನ್ನು ತಾವೇ ಓಡಿಸಿಕೊಂಡು ಹೋಗಿ, ಹಳ್ಳಿಯ ರೋಗಿಗಳಿಗೆ ಔಷಧಿ, ವಿಭೂತಿ ಕೊಟ್ಟು ಬರುತ್ತಿದ್ದರು.

ಶಿಷ್ಯ ಸಿದ್ದವೀರ. ಗುರುವಿಗೆ ಯಾವ ನೋವೂ ತಾಕದಂತೆ ಕಾಯುವುದೇ ಪೂಜೆ ಎಂದು ನಂಬಿದ್ದವನು.

ಆ ಸೋಮವಾರ ಬೆಳಿಗ್ಗೆ ಸಾಕಮ್ಮ ಎಂಬ ಮುದುಕಿ ಮಠದ ಬಾಗಿಲಿಗೆ ಬಂದಳು. ಅವಳ ಗಂಡ ಕಾಳಯ್ಯ ಹಿಂದೆ ಸ್ವಾಮಿಗಳ ಲಾರಿಯಲ್ಲಿ ಕ್ಲೀನರ್ ಆಗಿದ್ದವನು.

"ನಮ್ಮ ಯಜಮಾನ್ರಿಗೆ ಇವತ್ತೋ ನಾಳೆಯೋ ಅನ್ನೋ ಹಂಗಾಗದೆ ಕಣಪ್ಪ. ಮಗಳ ಮನೇಲಿ ಮಲಗವ್ರೆ, ಸೇತುವೆ ದಾಟಿ ಎಡಕ್ಕೆ. ಕಣ್ಣು ಮುಚ್ಚೋಕೆ ಮುಂಚೆ ಬುದ್ಧಿಯೋರ ಮುಖ ನೋಡ್ಬೇಕಂತೆ."

ಸ್ವಾಮಿಗಳಿಗೆ ಭುಜನೋವು. ಸರಿಯಾಗಿ ನಿದ್ದೆಯೂ ಇರಲಿಲ್ಲ. ಈ ಸುದ್ದಿ ಕೇಳಿದರೆ ಕುಗ್ಗಿಹೋಗುತ್ತಾರೆ ಎಂದು ಸಿದ್ದವೀರ ಹೆದರಿದ.

"ಬುದ್ಧಿಯೋರು ಊರಲ್ಲಿಲ್ಲ ಕಣಮ್ಮ," ಎಂದ.

ಅವಳು ಹೊಸ್ತಿಲಿಗೆ ಕೈಮುಗಿದು ಹೊರಟುಹೋದಳು.

ಆಮೇಲೆ ಅವನು ವ್ಯಾನಿನ ಬಾನೆಟ್ ಎತ್ತಿದ. ಪವರ್ ಸ್ಟೇರಿಂಗಿನ ಪಂಪಿನಲ್ಲಿ ಒಂದು ಸ್ಕ್ರೂ ಇತ್ತು. ಬಿಗಿದಷ್ಟೂ ಎಣ್ಣೆಯ ಒತ್ತಡ ಏರಿ ಸ್ಟೇರಿಂಗ್ ಹಗುರಾಗುತ್ತದೆ. ಗುರುವಿನ ಭುಜವನ್ನು ನೆನೆದು, ತಿರುಗುವಷ್ಟೂ ತಿರುಗಿಸಿದ.

ಸ್ವಾಮಿಗಳು ಬಂದು ಕೂತರು. ಸ್ಟೇರಿಂಗ್ ಕಿರುಬೆರಳಿಗೇ ತಿರುಗಿತು.

"ಏನು ಮರಿ, ಗಾಡಿಗೆ ಬೆಣ್ಣೆ ತಿನ್ನಿಸಿದೀಯಾ?"

"ನಿಮ್ಮ ಭುಜಕ್ಕೆ ಆರಾಮ ಆಗ್ಲಿ ಅಂತ, ಬುದ್ಧಿ."

"ಲಾರಿ ಕಾಲದಲ್ಲಿ ಇಷ್ಟು ಸುಖ ಸಿಕ್ಕಿದ್ದರೆ ನಾನು ಮಠಕ್ಕೇ ಬರುತ್ತಿರಲಿಲ್ಲವೇನೋ."

ನಾಲೆಯ ಏರಿಯ ಮೇಲೆ ಹೊರಟರು. ಒಂದು ಕಡೆ ನೀರು ಜಿನುಗಿ ಒಳಗೆಲ್ಲ ಕೆಸರಾಗಿತ್ತು. ಮೇಲೆ ಒಣಮಣ್ಣು ಕಟ್ಟಿ ಗಟ್ಟಿ ನೆಲದಂತೆ ಕಾಣುತ್ತಿತ್ತು.

ವ್ಯಾನು ಜಾರಿತು. ಸ್ವಾಮಿಗಳು ತಿರುಗಿಸಿದರು, ಸ್ಟೇರಿಂಗೂ ತಿರುಗಿತು. ಗಾಡಿ ಮಾತ್ರ ತಿರುಗಲಿಲ್ಲ. ಮುಂದಿನ ಚಕ್ರ ನಾಲೆಯ ಅಂಚಿಗೆ ಬಂದು ನಿಂತಿತು.

ಇಬ್ಬರೂ ಇಳಿದರು.

"ಸ್ಟೇರಿಂಗ್ ಇಷ್ಟು ಹಗುರಾಗಿ, ಚಕ್ರ ಕೆಸರಿಗೆ ಇಳಿದದ್ದು ನನ್ನ ಕೈಗೆ ತಿಳಿಯಲಿಲ್ಲ," ಎಂದರು ಸ್ವಾಮಿಗಳು. ಸಿಟ್ಟಿರಲಿಲ್ಲ. "ಸ್ಪ್ಯಾನರ್ ತಗೋ."

ಪಕ್ಕದ ಗದ್ದೆಗೆ ನೀರು ಹಾಯಿಸುತ್ತಿದ್ದ ರೈತರಿಬ್ಬರು ಕೈಲಿದ್ದ ಪೈಪು ಬಿಟ್ಟು ಬಂದು ವ್ಯಾನನ್ನು ಹಿಂದಕ್ಕೆ ತಳ್ಳಿಕೊಟ್ಟರು. ಸಿದ್ದವೀರ ಸ್ಕ್ರೂ ಸಡಿಲಿಸಿದ. ಭಯದಲ್ಲಿ ಪೂರ್ತಿ ಸಡಿಲಿಸಿದ.

ಸ್ವಾಮಿಗಳು ಎಂಜಿನ್ ಚಾಲೂ ಮಾಡಿ ತಿರುಗಿಸಿ ನೋಡಿದರು. ನೋವಿಗೆ ಕಣ್ಣು ಮುಚ್ಚಿದವು.

"ಬಂಡೆ ಎಳೆದ ಹಾಗಿದೆ. ಹೆದರಿಕೊಂಡು ತಿರುಗಿಸಬೇಡ."

"ಎಷ್ಟಕ್ಕೆ ನಿಲ್ಲಿಸಲಿ, ಬುದ್ಧಿ?"

"ನನ್ನನ್ನು ಕೇಳಬೇಡ. ನೀನೇ ಓಡಿಸಿ ನೋಡು."

ಅವನು ಒಂದಿಷ್ಟು ಬಿಗಿದ. ಏರಿಯ ಮೇಲೆ ಹೋಗಿಬಂದ. ಮತ್ತೆ ಕೂದಲೆಳೆಯಷ್ಟು ಬಿಗಿದ, ಮತ್ತೆ ಹೋದ. ಸ್ವಾಮಿಗಳು ಹೊಂಗೆಮರದ ಕೆಳಗೆ ಕಣ್ಣುಮುಚ್ಚಿ ಕೂತಿದ್ದರು. ತುಟಿಯಲ್ಲಿ ಶಿವನಾಮ.

ಕಡೆಯ ಸಲ ಹೋದಾಗ ದಾರಿಯ ಜಲ್ಲಿ ಅವನ ಅಂಗೈಯಲ್ಲಿ ಜಲ್ಲಿಯಾಗಿಯೇ ಮಿಡಿಯಿತು. ಕೆಸರಿನ ಅಂಚಿಗೆ ಬಂದಾಗ ಸ್ಟೇರಿಂಗ್ ತಟ್ಟನೆ ಸಡಿಲಾಯಿತು. ಕಣ್ಣಿಗೆ ಇನ್ನೂ ಗಟ್ಟಿ ನೆಲವೇ ಕಾಣುತ್ತಿತ್ತು. ಬ್ರೇಕ್ ಹಾಕು ಎಂದಿತು ಕೈ, ಕಾಲು ಒತ್ತಿತು.

ಬೆಳಿಗ್ಗೆ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ ಸಾಕಮ್ಮ ಅವನಿಗೆ ನೆನಪಾದಳು.

ತಿರುಗಿ ಬಂದವನು ಎಂಜಿನ್ ನಿಲ್ಲಿಸಲಿಲ್ಲ. ಇಳಿದು ಗುರುವಿನ ಕಾಲ ಹತ್ತಿರ ನೆಲಕ್ಕೆ ಕೂತುಬಿಟ್ಟ.

"ಬುದ್ಧಿ, ಬೆಳಿಗ್ಗೆ ಸಾಕಮ್ಮ ಬಂದಿದ್ದರು. ಕಾಳಯ್ಯನವರು ಉಳಿಯೋ ಹಾಗಿಲ್ಲವಂತೆ. ನಿಮ್ಮನ್ನು ನೋಡಬೇಕಂತೆ."

ಸ್ವಾಮಿಗಳ ತುಟಿ ನಿಂತಿತು.

"ನೀನೇನು ಹೇಳಿದೆ?"

"ನೀವು ಊರಲ್ಲಿಲ್ಲ ಅಂದೆ."

ನಾಲೆಯ ನೀರು ಹರಿಯುತ್ತಿತ್ತು. ಸ್ವಾಮಿಗಳು ಮರಕ್ಕೆ ಕೈಯೂರಿ ಎದ್ದರು. ನಡೆದು ಹೋಗಿ ಸ್ಟೇರಿಂಗ್ ಮುಂದೆ ಕೂತರು.

ಸಿದ್ದವೀರ ಓಡಿಬಂದ.

"ನಾನು ಓಡಿಸ್ತೀನಿ, ಬುದ್ಧಿ. ನಿಮಗೆ ನೋವಾಗುತ್ತೆ. ಅದಕ್ಕೇ ಹೇಳಿರಲಿಲ್ಲ."

ಸ್ವಾಮಿಗಳ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಕಣ್ಣು ತುಂಬಿತ್ತು.

"ನೋವಾಗುತ್ತಿದೆ, ಮರಿ. ಆಗಲಿ. ಗಾಡಿ ಹತ್ತು, ದಾರಿ ಹೇಳು."