ಕಂಬಳದ ಓಟಗಾರನ ಬೆಲೆ

ಕಂಬಳದಲ್ಲಿ ಕೋಣಗಳು ಒಬ್ಬರವು, ಓಡಿಸುವವನು ಇನ್ನೊಬ್ಬ. ಯಜಮಾನರು ಕೋಣಗಳಿಗೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿಸಿ ಸಾಕುತ್ತಾರೆ. ಕೆಸರುಗದ್ದೆಯಲ್ಲಿ ಆ ಜೋಡಿಯ ಹಿಂದೆ ಹಗ್ಗ ಹಿಡಿದು ಓಡುವವನನ್ನು ಒಂದು ಋತುವಿಗೆ ಮಾತ್ರ ಗೊತ್ತು ಮಾಡಿಕೊಳ್ಳುತ್ತಾರೆ. ಋತು ಮುಗಿದ ಮೇಲೆ ಅವನು ಯಾರಿಗೂ ಕಟ್ಟುಬಿದ್ದವನಲ್ಲ. ಮುಂದಿನ ವರ್ಷ ಯಾರು ಕರೆದರೂ ಹೋಗಬಹುದು. ಯಾರೂ ಕರೆಯದೆಯೂ ಇರಬಹುದು.

ಐತಪ್ಪ ಅಂಥ ಓಟಗಾರ. ಬಹಳ ವರ್ಷ ಅವನನ್ನು ಮೀರಿಸುವವರಿರಲಿಲ್ಲ. ಅವನು ಓಡಿಸುತ್ತಿದ್ದುದು ಜಿನರಾಜ ಹೆಗ್ಡೆಯವರ ಕೋಣಗಳನ್ನು. ಹೆಗ್ಡೆಯವರ ಮನೆಯ ಚಾವಡಿಯ ಗೋಡೆಯಲ್ಲಿದ್ದ ಪದಕಗಳೆಲ್ಲ ಅವನ ಕಾಲಿನಿಂದ ಬಂದವು.

ಆದರೆ ಕಳೆದ ಎರಡು ಋತುಗಳಲ್ಲಿ ಒಂದು ಪದಕವೂ ಬರಲಿಲ್ಲ. ಕೋಣಗಳು ಚೆನ್ನಾಗಿಯೇ ಇದ್ದವು. ಅವುಗಳ ವೇಗಕ್ಕೆ ಐತಪ್ಪನ ಹೆಜ್ಜೆ ತುಸು ತಡವಾಗುತ್ತಿತ್ತು. ಹೆಜ್ಜೆ ತಡವಾದರೆ ಹಗ್ಗ ಬಿಗಿಯುತ್ತದೆ, ಹಗ್ಗ ಬಿಗಿದರೆ ಕೋಣಗಳು ತಲೆಯೆತ್ತಿ ನಿಧಾನಿಸುತ್ತವೆ. ನೋಡಿದವರಿಗೆಲ್ಲ ಇದು ಕಾಣುತ್ತಿತ್ತು. ಕಾರಣ ಮಾತ್ರ ಐತಪ್ಪನನ್ನೂ ಅವನ ಹೆಂಡತಿ ವಾರಿಜಳನ್ನೂ ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಅವನ ಬಲಗಾಲಿನ ಮಂಡಿ ಸವೆದಿತ್ತು.

ಹೊಸ ಋತು ಹತ್ತಿರ ಬಂದಾಗ ಹೆಗ್ಡೆಯವರ ನೆರೆಯ ಮೋನಪ್ಪ ಶೆಟ್ಟರು ಚಾವಡಿಗೆ ಬಂದು ಕುಳಿತರು. ಅವರೂ ಕೋಣ ಸಾಕಿದವರು.

"ಈ ಸಲ ಓಡಿಸಲಿಕ್ಕೆ ಯಾರನ್ನು ಗೊತ್ತು ಮಾಡಿದ್ದೀರಿ ಹೆಗ್ಡೆರೇ?"

"ಬೇರೆ ಯಾರನ್ನು? ಐತಪ್ಪನನ್ನೇ. ಮೂವರು ಓಟಗಾರರಿಗೆ ಕೊಡುವಷ್ಟು ಅವನೊಬ್ಬನಿಗೇ ಕೊಡುತ್ತೇನೆ."

ಶೆಟ್ಟರು ಬಾಯಿಯ ಎಲೆಯಡಿಕೆ ಉಗುಳಿ ಬಂದು ಮತ್ತೆ ಕುಳಿತರು. "ಎಂತ ಮಾರಾಯ್ರೆ, ಹೋದ ವರ್ಷ ಅವನು ಕೋಣ ಓಡಿಸಿದ್ದಲ್ಲ, ಕೋಣ ಅವನನ್ನು ಓಡಿಸಿದ್ದು."

"ಗೊತ್ತುಂಟು. ಆದರೆ ನಾಲ್ಕು ಊರಿನವರು ನನ್ನ ಮನೆಯ ಹೆಸರು ಹೇಳುವುದು ಅವನಿಂದ. ಈಗ ಅವನು ಕಡಿಮೆ ದುಡ್ಡಿಗೆ ಇನ್ನೊಬ್ಬರ ಹಗ್ಗ ಹಿಡಿದರೆ ನಾನು ಮುಖ ಎತ್ತಿ ನಡೆಯುವುದು ಹೇಗೆ?"

"ಹಾಗಾದರೆ ಒಂದು ಶಾಲು ಹೊದೆಸಿ. ಅಷ್ಟೇ ದುಡ್ಡು ಕೈಗೆ ಕೊಡಿ. ಓಡುವುದು ಸಾಕು ಅಂತ ಹೇಳಿ."

"ಸುಮ್ಮನೆ ಕೊಟ್ಟರೆ ಭಿಕ್ಷೆಯ ಹಾಗೆ ಆಗುತ್ತದೆ ಶೆಟ್ರೇ. ಐತಪ್ಪ ಮಾನಸ್ಥ, ತೆಗೆದುಕೊಳ್ಳುವವನಲ್ಲ."

"ಅವನನ್ನು ಕೇಳಿದ್ದೀರಾ?"

ಹೆಗ್ಡೆಯವರು ಒಳಗೆ ತಿರುಗಿ, ಶೆಟ್ಟರಿಗೆ ಕಾಫಿ ತರುವಂತೆ ಕೂಗಿ ಹೇಳಿದರು.

ಅದೇ ದಿನಗಳಲ್ಲಿ ಐತಪ್ಪನೂ ಒಂದು ನಿರ್ಧಾರ ಮಾಡಿದ್ದ. ಓಡುವುದನ್ನು ಬಿಟ್ಟುಬಿಡುವುದು, ಆದರೆ ಕೋಣಗಳನ್ನು ಬಿಡುವುದಿಲ್ಲ. ಅವುಗಳನ್ನು ಮೀಯಿಸಿಕೊಂಡು, ಮೈ ತಿಕ್ಕಿಕೊಂಡು, ಹೊಸಬರಿಗೆ ಓಟ ಹೇಳಿಕೊಡುತ್ತ ಇರುತ್ತೇನೆಂದು ತನ್ನ ಧನಿ ಹೆಗ್ಡೆಯವರಲ್ಲಿ ಕೇಳಬೇಕು. ಕೊಟ್ಟಷ್ಟು ಕೊಡಲಿ. ಹೋಗುವ ದಿನ ಬೆಳಿಗ್ಗೆ ವಾರಿಜ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹೇಳುತ್ತ, "ಮೊದಲು ಮಂಡಿಯ ವಿಷಯ ಹೇಳಿ, ಆಮೇಲೆ ಕೂರಿ. ಕೂತರೆ ನೀವು ಹೇಳುವುದಿಲ್ಲ" ಎಂದಳು.

ಅವನು ಚಾವಡಿ ಹತ್ತಿದಾಗ ಅಲ್ಲಿ ಊರಿನ ಹತ್ತು ಜನ ಸೇರಿದ್ದರು. ಋತುವಿಗೆ ಮುಂಚೆ ಎಲೆಯಡಿಕೆಯ ಹರಿವಾಣದಲ್ಲಿ ಮುಂಗಡವಿಟ್ಟು ಕೊಡುವುದು ಆ ಮನೆಯ ಪದ್ಧತಿ. ಕೈಚಾಚಿ ತೆಗೆದುಕೊಂಡರೆ ಒಪ್ಪಿದಂತೆ. ಐತಪ್ಪ ಬಾಯಿ ತೆರೆಯುವ ಮೊದಲೇ ಹೆಗ್ಡೆಯವರು ಎದ್ದುನಿಂತು ಹರಿವಾಣವನ್ನು ಅವನ ಮುಂದೆ ಹಿಡಿದು, ಎಷ್ಟು ಕೊಡುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಅಷ್ಟು ಪ್ರೀತಿಯಿಂದ ಕೊಡುತ್ತಿರುವವರ ಮುಂದೆ, ಅಷ್ಟು ಜನರ ಎದುರಿಗೆ, ನನ್ನ ಮಂಡಿ ಹೋಗಿದೆ ಎಂದು ಹೇಗೆ ಹೇಳುವುದು? ಐತಪ್ಪ ಕೈಚಾಚಿದ.

ಆಮೇಲೆ ಅವನಿಗೆ ನೆಮ್ಮದಿ ಇರಲಿಲ್ಲ. ಮೊದಲೆಲ್ಲ ಸೋತ ದಿನವೂ ಅವನು ಉಳಿದ ಓಟಗಾರರ ಜತೆ ಕೂತು ಗಂಜಿ ಉಂಡು ನಗುತ್ತಿದ್ದ. ಈಗ ಒಬ್ಬನೇ ಒಂದು ಕಡೆ ಕೂತು, ಯಾರಿಗೂ ಕಾಣದಂತೆ ಮಂಡಿಗೆ ಎಣ್ಣೆ ತಿಕ್ಕಿ ಓಡುತ್ತಿದ್ದ. ಸೋಲುತ್ತಿದ್ದ.

"ಐತಪ್ಪಣ್ಣ, ದುಡ್ಡಿನ ಗಂಟು ದಡದಲ್ಲಿ ಇಟ್ಟು ಓಡಬೇಕಿತ್ತು. ಸೊಂಟಕ್ಕೆ ಕಟ್ಟಿದರೆ ಭಾರ ಆಗುವುದಿಲ್ಲವಾ?" ಎಂದು ಯಾರೋ ಕೂಗಿದರು. ಸುತ್ತಲಿನವರು ನಕ್ಕರು. ಹಿಂದಿನ ಐತಪ್ಪ ಇದಕ್ಕೆ ಇನ್ನೂ ಚೆನ್ನಾದ ಮಾತೊಂದನ್ನು ತಿರುಗಿ ಕೊಡುತ್ತಿದ್ದ. ಈಗ ತಲೆ ತಗ್ಗಿಸಿ ಕೋಣಗಳ ಹಿಂದೆ ನಡೆದ.

ಹೆಗ್ಡೆಯವರು ಒಂದು ದಿನವೂ ಅವನನ್ನು ಬೈಯಲಿಲ್ಲ. "ಮುಂದಿನ ಕಂಬಳ ನಮ್ಮದೇ" ಎಂದಷ್ಟೇ ಹೇಳುತ್ತಿದ್ದರು. ಅದು ಬೈಗಳಿಗಿಂತ ಹೆಚ್ಚು ನೋಯಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಮುಂದಿನ ಕಂಬಳದಲ್ಲಿ ಐತಪ್ಪನ ಜೋಡಿ ಚೆನ್ನಾಗಿಯೇ ಹೊರಟಿತು. ಅರ್ಧ ಗದ್ದೆಯವರೆಗೆ ಅವನೇ ಮುಂದಿದ್ದ. ಹೆಗ್ಡೆಯವರು ದಡದಲ್ಲಿ ಎದ್ದು ನಿಂತರು. ಅಷ್ಟರಲ್ಲಿ ಮಂಡಿ ಮಡಿಚಿತು. ಐತಪ್ಪ ಕೆಸರಿಗೆ ಬಿದ್ದ.

ಬಿದ್ದವನು ಹಗ್ಗ ಬಿಡಬೇಕು. ಕಂಬಳಕ್ಕೆ ಇಳಿಯುವ ಯಾರಿಗೇ ಆಗಲಿ ಮೊದಲು ಕಲಿಸುವುದು ಅದನ್ನು. ಹಗ್ಗ ಬಿಟ್ಟರೆ ಆ ಓಟ ಹೋಗುತ್ತದೆ, ಮೈ ಉಳಿಯುತ್ತದೆ. ದಡದಲ್ಲಿದ್ದವರೆಲ್ಲ "ಬಿಡು, ಬಿಡು" ಎಂದು ಕೂಗಿದರು. ಹೆಗ್ಡೆಯವರೂ ಕೂಗಿದರು. ಐತಪ್ಪ ಬಿಡಲಿಲ್ಲ. ಬೆದರಿದ ಕೋಣಗಳು ಗದ್ದೆಯ ಕೊನೆಯವರೆಗೂ ಅವನನ್ನು ಎಳೆದುಕೊಂಡು ಹೋದವು.

ಆಸ್ಪತ್ರೆಯಿಂದ ಅವನು ಮನೆಗೆ ಬಂದ ಮೇಲೆ ಹೆಗ್ಡೆಯವರು ನೋಡಲು ಹೋದರು. ವಾರಿಜ ಕುರ್ಚಿ ತಂದಿಟ್ಟು ಒಳಗೆ ಹೋದಳು.

"ಯಾಕೆ ಬಿಡಲಿಲ್ಲ ಐತಪ್ಪ? ನೀನು ಎಷ್ಟು ಸಲ ಬಿದ್ದಿದ್ದೀ. ಪ್ರತಿ ಸಲ ಬಿಟ್ಟಿದ್ದೀಯಲ್ಲ."

"ಕಡಿಮೆ ಕೊಟ್ಟಿದ್ದರೆ ಬಿಡುತ್ತಿದ್ದೆ ಧನಿ."

ಆಮೇಲೆ ಐತಪ್ಪ ಮಂಡಿಯ ವಿಷಯ ಹೇಳಿದ. ಹರಿವಾಣದ ದಿನ ತಾನು ಏನು ಕೇಳಲು ಬಂದಿದ್ದೆ ಎಂಬುದನ್ನೂ ಹೇಳಿದ. ದೂರುವ ದನಿಯಿರಲಿಲ್ಲ.

"ಈಗಲೂ ಆಗುತ್ತದೆ" ಎಂದರು ಹೆಗ್ಡೆಯವರು ಅವಸರದಿಂದ. "ಓಟ ಬೇಡ. ನೀನು ಬಂದು ಕೋಣಗಳನ್ನು ಮೀಯಿಸಿಕೊಂಡು ಇರು. ನಾಳೆಯೇ ಬಾ."

ಐತಪ್ಪ ಹಗ್ಗ ಹಿಡಿದಿದ್ದ ಬಲಗೈಯನ್ನು ಎತ್ತಲು ನೋಡಿದ. ಅದು ಎದೆಯವರೆಗೂ ಬರಲಿಲ್ಲ.

"ಕೋಣದ ಬೆನ್ನು ಮುಟ್ಟುವುದಿಲ್ಲ ಧನಿ, ಈ ಕೈ."

ಆ ವರ್ಷದಿಂದ ಹೆಗ್ಡೆಯವರು ತಿಂಗಳು ತಿಂಗಳು ಐತಪ್ಪನ ಮನೆಗೆ ಹಣ ಒಯ್ದು ಕೊಟ್ಟರು. ಅದು ಯಾವ ಕೆಲಸದ ಸಂಬಳವೂ ಅಲ್ಲ. ಸುಮ್ಮನೆ ಕೊಟ್ಟದ್ದು. ಐತಪ್ಪ ಅದನ್ನು ಎಡಗೈಯಲ್ಲಿ ತೆಗೆದುಕೊಳ್ಳಬೇಕಾಯಿತು ಎಂಬುದಕ್ಕೆ ಮಾತ್ರ ಸಂಕೋಚಪಟ್ಟ. ಭಿಕ್ಷೆ ಎಂದು ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲ. ಹೆಗ್ಡೆಯವರು ಹಿಂತಿರುಗುವಾಗ ಪ್ರತಿ ಸಲವೂ, "ಅವನನ್ನು ಕೇಳಿದ್ದೀರಾ?" ಎಂಬ ಶೆಟ್ಟರ ಮಾತು ನೆನಪಾಗಿ, ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು.

ನೀತಿ: ಒಬ್ಬರು ಹಿಂದೆ ಮಾಡಿದ್ದಕ್ಕೆ ನಮ್ಮಲ್ಲಿ ಕೃತಜ್ಞತೆ ಇದ್ದರೆ ಅದನ್ನು ಕೃತಜ್ಞತೆಯೆಂದೇ ಹೇಳಿ ಕೊಡಬೇಕು. ಮುಂದೆ ಮಾಡಬೇಕಾದ ಕೆಲಸದ ಬೆಲೆಯೆಂದು ಕೊಟ್ಟರೆ, ಅದನ್ನು ತೀರಿಸಲು ಅವರು ತಮ್ಮಲ್ಲಿ ಇಲ್ಲದ ಶಕ್ತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಕೊಡುವ ಮೊದಲು ಅವರಿಗೆ ಏನು ಬೇಕೆಂದು ಅವರನ್ನೇ ಕೇಳಿ. ಜನರ ಎದುರಿಗೆ ಬೇಡ, ಒಬ್ಬರೇ ಇದ್ದಾಗ ಕೇಳಿ.