ಜಗಲಿಗೆ ಬಂದ ನೋಟದ ಕಲ್ಲು

"ಗುರುಗಳೇ, ನನ್ನ ಲೆಕ್ಕಕ್ಕೂ ಸೂರ್ಯನಿಗೂ ಹೊಂದುತ್ತಿಲ್ಲ. ಕಣ್ಣಿಟ್ಟು ನೋಡಲು ಇನ್ನೂ ಉದ್ದದ ನಳಿಕೆಯೊಂದನ್ನು ತರಿಸಿಕೊಡುತ್ತೀರಾ?" ಎಂದು ಶಿಷ್ಯ ಕೇಳಿದ.

ಮಾಗಿಯ ಚಳಿ. ಅವನು ಅಡುಗೆಮನೆಯ ಗೋಡೆಗೆ ಒರಗಿ, ಚಾಪೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಅಂಗಳದ ಮೂಡಣ ಅಂಚಿನಲ್ಲಿ ಒಂದು ಕೋಲು ನೆಟ್ಟಿತ್ತು. ಸೂರ್ಯ ದಿನವೂ ಆ ಕೋಲಿನ ಯಾವ ಬದಿಗೆ, ಎಷ್ಟು ದೂರದಲ್ಲಿ ಹುಟ್ಟುತ್ತಾನೆ ಎಂದು ನೋಡಿ ಬರೆಯುವುದು ಗುರುಗಳು ಅವನಿಗೆ ಒಪ್ಪಿಸಿದ ಕೆಲಸ. ಕ್ಷಿತಿಜ, ಕ್ರಾಂತಿ, ಅಯನ, ವಿಷುವ ಎಂಬ ಖಗೋಳದ ಮಾತುಗಳೆಲ್ಲವೂ ಅವನಿಗೆ ಬಾಯಿಪಾಠವಾಗಿದ್ದವು. ಹೋದ ತಿಂಗಳು ಕೋಲು ಡೊಂಕು ಎಂದಿದ್ದ. ಗುರುಗಳು ಬೇರೆ ಕೋಲು ನೆಡಿಸಿದರು. ಆಮೇಲೆ ಹೊತ್ತು ಅಳೆಯುವ ಗಳಿಗೆ ಬಟ್ಟಲಿನ ತೂತು ಸರಿಯಿಲ್ಲ ಎಂದ. ಹೊಸ ಬಟ್ಟಲು ಬಂತು. ಈಗ ನಳಿಕೆ.

ಗುರುಗಳು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟರು. ಶಿಷ್ಯ ಅದನ್ನು ಧ್ಯಾನ ಎಂದುಕೊಂಡು ಕೈ ಮುಗಿದ.

"ಮೊದಲು ಒಂದು ಕತೆ ಕೇಳು" ಎಂದು ಅವರು ಹೇಳತೊಡಗಿದರು.

ಒಂದು ಊರು. ಊರಿನ ಮೂಡಣ ಅಂಚಿನಲ್ಲಿ ಒಂದು ಕಂಬ. ಪೇಟೆಬೀದಿಯ ನಡುವೆ ಒಂದು ಚಪ್ಪಟೆ ಕಲ್ಲು. ಎರಡನ್ನೂ ಹಿಂದಿನವರು ಅಳೆದು ಇಟ್ಟಿದ್ದರು. ದಕ್ಷಿಣಾಯನದಲ್ಲಿ ಸೂರ್ಯ ಹುಟ್ಟುವ ಜಾಗ ದಿನದಿನಕ್ಕೆ ಬಲಕ್ಕೆ ಸರಿಯುತ್ತದೆ. ಆ ಕಲ್ಲಿನ ಮೇಲೆ ನಿಂತು ನೋಡಿದರೆ ಒಂದು ದಿನ ಸರಿಯಾಗಿ ಕಂಬದ ಹಿಂದೆ ಹುಟ್ಟುತ್ತಾನೆ. ಅದರಾಚೆಗೆ ಹೋಗುವುದಿಲ್ಲ, ಅಲ್ಲಿಂದ ತಿರುಗುತ್ತಾನೆ. ಅಂದು ಉತ್ತರಾಯಣ ಬಂತೆಂದು ನಗಾರಿ ಬಾರಿಸುತ್ತಾರೆ. ನಗಾರಿ ಬಾರಿಸುವ ತನಕ ಆ ಊರಿನಲ್ಲಿ ಮದುವೆ ನಡೆಯುವುದಿಲ್ಲ.

ಕಲ್ಲಿನ ಮೇಲೆ ನಿಂತು ನಳಿಕೆಯಿಂದ ನೋಡಿ ಹೇಳುವ ಅಧಿಕಾರ ಒಬ್ಬ ಪಂಡಿತನದು. ಒಂದು ವರ್ಷ ಅವನಿಗೆ ಅರಮನೆಯಿಂದ ಶಾಲು ಬಂತು. ಶಾಲು ಬಂದವನನ್ನು ಎತ್ತಿನ ಗಾಡಿಗಳ ನಡುವೆ ಬೀದಿಯಲ್ಲಿ ನಿಲ್ಲಿಸುವುದು ಊರಿಗೇ ಅವಮಾನ ಎಂದು ಹಿರಿಯರಿಗೆ ಅನಿಸಿತು. ಎಂಟು ಜನ ಸೇರಿ ಕಲ್ಲನ್ನು ಎತ್ತಿದರು. ಬೀದಿಯ ಬಡಗಣ ಬದಿಗಿದ್ದ ಪಂಡಿತನ ಮನೆಯ ಜಗಲಿಯ ಮೇಲೆ ತಂದಿಟ್ಟರು. ಹದಿನೈದೇ ಹೆಜ್ಜೆ. ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಮಂಗಳಾರತಿ ಎತ್ತಿದರು. ಯಾವುದಕ್ಕೂ ಕೊರತೆಯಾಗಲಿಲ್ಲ.

ಆ ವರ್ಷ ಒಬ್ಬ ನೇಕಾರ ತನ್ನ ಮಗಳ ಮದುವೆ ಗೊತ್ತುಮಾಡಿದ್ದ. ನಗಾರಿಯ ಮರುದಿನವೇ ಧಾರೆ. ಗಂಡಿನ ಕಡೆಯವರು ಬೇರೆ ಊರಿನವರು. ಎರಡು ದಿನ ಮೊದಲೇ ಬಂದು ಇಳಿದರು.

ಸೂರ್ಯನೂ ಸರಿಯುತ್ತ ಬಂದ. ಆದರೆ ಜಗಲಿಯಿಂದ ನೋಡಿದರೆ, ಕಂಬಕ್ಕೆ ಎರಡು ಬೆರಳಿನಷ್ಟು ಎಡಕ್ಕೇ ನಿಂತುಬಿಟ್ಟ. ಮರುದಿನವೂ ಅಲ್ಲೇ. ಅದರ ಮರುದಿನವೂ ಅಲ್ಲೇ. ನಗಾರಿಯವನು ಎತ್ತಿದ ಕೋಲನ್ನು ಕೆಳಗಿಟ್ಟ.

ಸಭೆ ಸೇರಿತು. ಕಂಬ ವಾಲಿದೆ ಎಂದು ಒಬ್ಬರು ಹೇಳಿದರು. ತೂಗುಗುಂಡು ಇಳಿಬಿಟ್ಟು ನೋಡಿದರು, ಕಂಬ ನೆಟ್ಟಗಿತ್ತು. ಸೂರ್ಯನಿಗೆ ಏನೋ ದೋಷವಿದೆ ಎಂದು ಇನ್ನೊಬ್ಬರು ಹೇಳಿದರು. ಶಾಂತಿ ಮಾಡಿಸಿದರು. ಸೂರ್ಯ ಜಗ್ಗಲಿಲ್ಲ.

ನಾಲ್ಕನೆಯ ದಿನ ಗಂಡಿನ ಸೋದರಮಾವ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೇಳಿದ: "ಬೀಗರೇ, ನಮ್ಮೂರಿನಲ್ಲೂ ಇದೇ ಸೂರ್ಯನೇ. ಅಲ್ಲಿ ಇಷ್ಟೊಂದು ಬಿಗುಮಾನ ಮಾಡುವುದಿಲ್ಲ. ಇನ್ನು ಮೂರು ದಿನ ಇವನನ್ನು ನೋಡುತ್ತೇವೆ. ಆಮೇಲೆ ಬೇರೆ ಹೆಣ್ಣು ನೋಡುತ್ತೇವೆ."

ಮರುದಿನ ಬೆಳಕು ಹರಿಯುವ ಮೊದಲೇ ನೇಕಾರ ಪೇಟೆಬೀದಿಗೆ ಬಂದ. ಜಗಲಿ ಹತ್ತುವ ಯೋಗ್ಯತೆ ಅವನಿಗೆ ಇರಲಿಲ್ಲ. ಕಲ್ಲು ಎತ್ತಿದಲ್ಲಿ ಒಂದು ಕುಳಿ ಉಳಿದಿತ್ತು. ಗಾಡಿಗಳಿಗೆ ಅಡ್ಡವಾಗದಂತೆ ಅದರಲ್ಲಿ ನಿಂತುಕೊಂಡ. ಮಗ್ಗದ ಹಾಸಿನ ಎಳೆ ನೇರವಿದೆಯೇ ಎಂದು ನೋಡಿ ನೋಡಿ ಪಳಗಿದ ಕಣ್ಣು ಅವನದು. ಸೂರ್ಯ ಹುಟ್ಟಿದ. ಸರಿಯಾಗಿ ಕಂಬದ ಹಿಂದೆ.

"ಬುದ್ಧೀ, ಬಂದಿದ್ದಾನೆ! ಕಂಬದ ಬೆನ್ನಿಗೇ ಇದ್ದಾನೆ! ನಿಮ್ಮ ಕಾಲಿಗೆ ಬೀಳುತ್ತೇನೆ, ಒಂದು ಸಲ ಇಳಿದು ಬಂದು ನೋಡಿ."

"ನೀನು ಎಲ್ಲಿ ನಿಂತಿದ್ದೀಯ?" ಎಂದು ಪಂಡಿತ ಜಗಲಿಯಿಂದಲೇ ಕೇಳಿದ.

"ಈ ಕುಳಿಯಲ್ಲಿ."

"ಕುಳಿಯಲ್ಲಿ ನಿಂತವನಿಗೆ ಏನೇನೋ ಕಾಣುತ್ತದೆ. ಕಲ್ಲಿನ ಮೇಲೆ ನಿಂತು ನೋಡಬೇಕು ಅಂತ ಶಾಸ್ತ್ರವಿದೆ."

"ಆ ಕಲ್ಲು ಇಲ್ಲೇ ಇತ್ತಲ್ಲ ಬುದ್ಧೀ?"

"ಇತ್ತು. ಈಗ ಇಲ್ಲಿದೆ. ನಾನು ಅದರ ಮೇಲಿದ್ದೇನೆ. ಇನ್ನೇನು?"

ಸೇರಿದ್ದ ಜನ ತಲೆದೂಗಿದರು.

ಅಂದು ಸಂಜೆ ಸಭೆ ಮತ್ತೆ ಸೇರಿತು. ಬಹಳ ಚರ್ಚೆಯ ನಂತರ, ಪಂಡಿತನ ನಳಿಕೆ ಗಿಡ್ಡ ಎಂದು ತೀರ್ಮಾನವಾಯಿತು. ಇಬ್ಬರು ಹೊರುವಷ್ಟು ಉದ್ದದ ಹಿತ್ತಾಳೆಯ ನಳಿಕೆ ತರಲು ದೂರದ ಕಂಚುಗಾರರ ಕೇರಿಗೆ ಆಳುಗಳನ್ನು ಅಟ್ಟಿದರು. ನಳಿಕೆ ಬರಲು ಹನ್ನೆರಡು ದಿನ ಬೇಕಿತ್ತು. ಬೀಗರು ಕೊಟ್ಟಿದ್ದು ಮೂರು.

ಹೇಳಿದ ದಿನಕ್ಕೆ ಅವರು ಗಾಡಿ ಕಟ್ಟಿದರು. ಗಾಡಿ ಬೀದಿಯ ತಿರುವು ದಾಟುವ ತನಕ ನೇಕಾರ ಆ ಕುಳಿಯಲ್ಲೇ ನಿಂತಿದ್ದ. ಮನೆಯಲ್ಲಿ ಅವನ ಮಗಳು ಒಣಗಿದ ತೋರಣವನ್ನು ತಾನೇ ಬಿಚ್ಚಿದಳು.

ಕೊನೆಗೆ ನಳಿಕೆ ಬಂತು. ಅಷ್ಟರಲ್ಲಿ ಸೂರ್ಯ ಇನ್ನೂ ಅರ್ಧ ಬೆರಳು ಎಡಕ್ಕೆ ಹೋಗಿದ್ದ. ಜಗಲಿಯ ಕಲ್ಲಿನ ಮೇಲೆಯೇ ಮುಕ್ಕಾಲಿ ಇಟ್ಟು ನಳಿಕೆಯನ್ನು ಕೂರಿಸಿದರು. ಪಂಡಿತ ಶಾಲು ಸರಿಮಾಡಿಕೊಂಡು ಕಣ್ಣಿಟ್ಟ. ಸೂರ್ಯ ಕಂಬವನ್ನು ಮುಟ್ಟಿಲ್ಲ ಎಂಬುದು ಮೊದಲಿಗಿಂತ ಎಷ್ಟೋ ಸ್ಪಷ್ಟವಾಗಿ ಕಂಡಿತು. ಊರಿಗೆ ಬಹಳ ಸಮಾಧಾನವಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆ ಹುಡುಗಿಯ ಮದುವೆ?" ಎಂದು ಶಿಷ್ಯ ಕೇಳಿದ.

"ಹೇಗೆ ಆಗುತ್ತದೆ ಮಗು? ಆ ಊರಿನಲ್ಲಿ ಇನ್ನೂ ದಕ್ಷಿಣಾಯನ."

ಶಿಷ್ಯ ತೊಡೆ ತಟ್ಟಿಕೊಂಡು ನಕ್ಕ. "ಎಂಥ ಮೂರ್ಖರು ಗುರುಗಳೇ! ಕಂಬ ನೋಡಿದರು, ಸೂರ್ಯನನ್ನು ನೋಡಿದರು, ನಳಿಕೆ ನೋಡಿದರು. ಕಲ್ಲನ್ನು ಎತ್ತಿ ಇಟ್ಟಿದ್ದೇ ತಪ್ಪು ಅಂತ ಸಭೆಯಲ್ಲಿ ಒಬ್ಬನಿಗೂ ಹೊಳೆಯಲಿಲ್ಲವಲ್ಲ!" ನಗು ಮುಗಿಸಿ, ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು, ಬೆಚ್ಚಗಿದ್ದ ಗೋಡೆಗೆ ಬೆನ್ನು ಒತ್ತಿದ.

ಅಂಗಳದ ನಡುವೆ, ನೋಡುವವನು ಕೂರಬೇಕಾದ ಜಾಗಕ್ಕೆ ಗುರುಗಳು ಮಳೆಗಾಲ ಮುಗಿದಾಗ ಹಾಕಿದ್ದ ಸುಣ್ಣದ ಗುರುತಿತ್ತು. ಅದರ ಮೇಲೆ ಇಬ್ಬನಿ ಬಿದ್ದಿತ್ತು. ಗುರುಗಳು ಅದನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು.

"ನಿನ್ನ ಚಾಪೆ ಒಲೆಯ ಗೋಡೆಯ ಹತ್ತಿರಕ್ಕೆ ಬಂದು ಎಷ್ಟು ದಿನವಾಯಿತು?"